ಕಾಣೆಯಾದ ಕೆಂಪು ಬಾಳೆಹಣ್ಣು

ನೆಹರು ಗಂಜ್ ಮಾರುಕಟ್ಟೆಯ ಗಾಡಿಗಳಿಂದ ಕಮಲಾಪುರದ ಕೆಂಪು ಬಾಳೆಯ ವಾಸನೆ ಬಂದರೆ ಈಗಲೂ ನನ್ನ ಬಾಯಿ ಒಣಗುತ್ತದೆ.

ನನ್ನ ಚಿಕ್ಕಂದಿನಲ್ಲಿ ಅಪ್ಪ ಕಮಲಾಪುರದಲ್ಲಿ ಫೌಜದಾರರಾಗಿದ್ದರು. ಮಡಿಯಲ್ಲಿ ಪೂಜೆ ಮುಗಿಸಿಯೇ ಠಾಣೆಗೆ ಹೋಗುತ್ತಿದ್ದರು. ಬಿಡುವಿದ್ದಾಗ ಮಕ್ಕಳ ನಡತೆಯ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಒಂದು ಮಧ್ಯಾಹ್ನ ಅವರು ಊಟಕ್ಕೆ ಬಂದಾಗ, ಸಂಜೆಯ ನೈವೇದ್ಯಕ್ಕೆಂದು ಎತ್ತಿಟ್ಟ ಬಾಳೆಹಣ್ಣುಗಳಲ್ಲಿ ಒಂದು ಕಾಣಲಿಲ್ಲ. ನನ್ನನ್ನು ಎದುರಿಗೆ ಕೂಡಿಸಿಕೊಂಡರು. ಸೊಂಟದ ಬೆಲ್ಟು ಬಿಚ್ಚಿ, ಸುರುಳಿ ಸುತ್ತಿ, ಬರೆದ ಹಾಳೆಗಳ ಮೇಲಿಟ್ಟರು.

“ನಾ ಹೊಡಿಯಂಗಿಲ್ಲ. ದೇವರಿಗಿಂತ ಮೊದಲ ಯಾರು ತಿಂದಾರ, ಖರೆ ಹೇಳು. ನನಗೇನೂ ಅವಸರಿಲ್ಲ.”

“ನಾ ತಿಂದಿಲ್ಲಪ್ಪಾ.”

ಅವರು ನನ್ನನ್ನೇ ನೋಡುತ್ತ ಕುಳಿತರು. ಬೆಲ್ಟಿನ ಹಿತ್ತಾಳೆ ಬಿಲ್ಲೆ ಹೊಳೆಯುತ್ತಿತ್ತು. ಬೆವರಿಗೆ ನನ್ನ ತೊಡೆ ಶಹಾಬಾದಿ ಕಲ್ಲಿನ ನೆಲಕ್ಕೆ ಅಂಟಿಕೊಂಡಿತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೊನೆಗೆ ನನ್ನ ಬಾಯಿಂದ, “ನಾನೇ ತಿಂದೀನಿ,” ಎಂದು ಬಂತು.

ಅಪ್ಪ ನಕ್ಕು ನನ್ನ ತಲೆ ಸವರಿದರು. ಹೊಡೆಯದೆ ಖರೆ ಹೊರಡಿಸುವುದು ಹೇಗೆಂದು ಆ ಹಾಳೆಯಲ್ಲೇ ಬರೆದು, ಊಟ ಮಾಡಿ ಮಲಗಿದರು.

ಅವರಿಗೆ ನಿದ್ದೆ ಹತ್ತಿದ ಮೇಲೆ ಅವ್ವ ದೇವರ ಪೆಟ್ಟಿಗೆಯ ಹಿಂದಿನಿಂದ ಇಲಿ ಕಡಿದ ಹಣ್ಣು ಹೊರತೆಗೆದಳು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಅಪ್ಪಗ ಹೇಳಬ್ಯಾಡ,” ಎಂದಳು.

ಸಂಜೆ ಅಪ್ಪ ಬೆಲ್ಟು ಕಟ್ಟಿಕೊಳ್ಳುತ್ತ ಅವ್ವನಿಗೆ ಹೇಳಿದರು:

“ಠಾಣ್ಯಾಗ ಒಬ್ಬಾಂವ ಮುಂಜಾನಿಂದ ‘ನಾ ಏನೂ ಮಾಡಿಲ್ರೀ’ ಅನ್ನಾಕತ್ತಾನ. ಈಗ ಹೋಗಿ ಅವನ ಮುಂದ ಕೂಡ್ತೀನಿ.”