ಹೋಗುವವರ ಮುಂದೆ

ವರ್ಗದ ಹುಕುಂ ಬಂದ ಮರುದಿನ ಬೆಳಿಗ್ಗೆ ಚಿಂಚೋಳಿಯ ನಿಜಾಮ ಸರ್ಕಾರದ ದವಾಖಾನೆಯ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕೂತವರೆಲ್ಲ ಹೆಂಗಸರು. ತನ್ನನ್ನು ಬೀಳ್ಕೊಡಲು ಬಂದಿದ್ದಾರೆಂದುಕೊಂಡು ಡಾಕ್ಟರ್ ರಶೀದಾಬೇಗಂ ಬಾಗಿಲಲ್ಲೇ ನಿಂತಳು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಈ ಊರಿನ ಹೆಂಗಸರು ಅವಳಿಗೆ ತೋರಿಸಿದ್ದು ಕೆಮ್ಮು, ನೆಗಡಿ, ಮಕ್ಕಳ ಕಜ್ಜಿ ಮಾತ್ರ. ಇಷ್ಟಕ್ಕೆ ಕಂಪೌಂಡರ್ ಒಬ್ಬ ಸಾಕಲ್ಲ, ನಾನೇಕೆ ಎಂದು ಬೇಸತ್ತು ಅವಳೇ ಹೈದರಾಬಾದಿಗೆ ವರ್ಗ ಕೇಳಿಕೊಂಡಿದ್ದಳು.

"ನನ್ನ ಕಳಿಸಾಕ ಬಂದಾರೇನು, ಬಿಬಿಜಾನ್?"

ಆಯಾ ಬಿಬಿಜಾನ್ ನಕ್ಕಳು. "ಎಲ್ಲಿ ಕಳಸೂದ್ರಿ ಬಾಯಿ! ಬ್ಯಾನಿ ಹೇಳ್ಕೊಳ್ಳಾಕ ಬಂದಾರ. ಡಾಕ್ಟರು ಹೊಂಟಾಗ ಪ್ರತಿ ಸಲ ಹಿಂಗೇರಿ. ಈ ಕುರ್ಚಿಗಿ ಬಂದ ಡಾಕ್ಟರ ಮಾರಿಗಿಂತ ಬೆನ್ನೇ ನನಗ ಹೆಚ್ಚು ಗುರ್ತದ. ಈ ಸಲ ಹೆಣ್ಣು ಡಾಕ್ಟರು ಹೊಂಟಾರಂದ್ರ ಬಿಡ್ತಾರೇನು? ಇವತ್ತ ಚಾ ಸುದ್ದಿ ಮರೀರಿ."

ರಶೀದಾಬೇಗಂ ರಾಯಚೂರಿನ ಕಡೆ ಬೆಳೆದವಳು; ಕನ್ನಡ ಅವಳಿಗೆ ಹೊಸದಲ್ಲ. ಆದರೆ ಆ ಮುಂಜಾನೆ ಅವಳು ಕೇಳಿದ ಮಾತುಗಳು ಹೊಸವು. ಮೊದಲು ಬಂದವಳು, ಗಂಡ ಊರೂರು ತಿರುಗಿ ತಂದು ಹಚ್ಚಿದ ರೋಗದ ಬಗ್ಗೆ ಗೋಡೆಗೆ ಮುಖ ಮಾಡಿ ಹೇಳಿದಳು. ಎರಡನೆಯವಳಿಗೆ ಮದುವೆಯಾದಾಗಿನಿಂದ ಒಮ್ಮೆಯೂ ಮುಟ್ಟು ನಿಂತು ಬಸಿರಾಗಿರಲಿಲ್ಲ. ಅವಳೂ ಇಷ್ಟು ದಿನ ಕೆಮ್ಮಿನ ಔಷಧ ಒಯ್ದವಳೇ. ಆಮೇಲೆ ಐನಾಪುರದ ಶರಣಬಸಮ್ಮ ಒಳಗೆ ಬಂದಳು. ತಿಂಗಳಿಗೆರಡು ಸಲ ತಲೆನೋವಿನ ಗುಳಿಗೆಗೆಂದು ನಡೆದು ಬರುತ್ತಿದ್ದವಳು. ಈಗ ಅವಳು ಬಿಬಿಜಾನಳ ಕಡೆ ನೋಡಿದಳು. ಬಿಬಿಜಾನ್ ಏನನ್ನೂ ಕೇಳದೆ ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಕಟ್ಟೆಯ ಮೇಲಿಂದ ಅವಳ ದನಿ ಕೇಳಿತು: "ಒಳಗ ಹಲ್ಲ ಕೀಳಾಕತ್ತಾರ! ಯಾರೂ ಇಣುಕಬ್ಯಾಡ್ರಿ, ರಕ್ತ ಸಿಡೀತದ!"

ಶರಣಬಸಮ್ಮನಿಗೆ ನಗು ಬಂತು. ಆ ನಗುವಿನ ಬೆನ್ನಿಗೇ ಮಾತೂ ಬಂತು.

"ಒಳಗಿಂದು ಕೆಳಗ ಜಾರ್ಯಾದರಿ, ಡಾಕ್ಟರಬಾಯಿ. ಸಣ್ಣ ಮಗಾ ಹುಟ್ಟಿದಾಗಿಂದ. ಈಗ ಅಂವಾ ಸಾಲಿಗಿ ಹೋಗ್ತಾನ. ಬಟ್ಟಿ ಬಿಗದ ಕಟ್ಕೊಂಡು ಹೊಲದಾಗ ಕಳೆ ತಗೀತೀನ್ರಿ. ಕುಂದ್ರಾಕ ಬರಂಗಿಲ್ಲ, ನಿಂದ್ರಾಕ ಬರಂಗಿಲ್ಲ."

ರಶೀದಾಬೇಗಂ ಪರೀಕ್ಷಿಸಿದಳು; ಗರ್ಭಕೋಶವೇ ಕೆಳಗೆ ಜಾರಿತ್ತು. ಕೈ ತೊಳೆಯುವಾಗ ಅವಳಿಗೆ ಸಿಟ್ಟು ತಡೆಯಲಾಗಲಿಲ್ಲ. "ಇಷ್ಟ ದಿನಾ ನಾ ಇಲ್ಲೇ ಇದ್ನಲ್ಲ ಯವ್ವಾ! ತಲಿನೋವು, ತಲಿನೋವು ಅಂತ ಬಂದು ಹೋದಿ. ಯಾಕ ಹೇಳಲಿಲ್ಲ?"

"ಇಲ್ಲೇ ಇದ್ರಲ್ಲ, ಅದಕ್ಕರಿ."

"ಅಂದ್ರ?"

"ಸಂತ್ಯಾಗ ಸಿಗ್ತೀರಿ, ಮದಿವ್ಯಾಗ ಸಿಗ್ತೀರಿ. ನಿಮ್ಮ ಮಾರಿ ಕಂಡಾಗೊಮ್ಮೆ, ಇವ್ರಿಗಿ ಎಲ್ಲಾ ಗೊತ್ತದ ಅಂತ ನಾ ನೆಲಾ ನೋಡ್ಕೋತ ನಿಂದ್ರಬೇಕಲ್ಲ? ಹೋಗೋರ ಮುಂದ ಹೇಳಿದ್ರ ಆ ಮಾತೂ ನಿಮ್ಮ ಗಾಡ್ಯಾಗ ಕುಂತು ಹೋಗ್ತದರಿ. ಊರಾಗ ಉಳಿಯಂಗಿಲ್ಲ."

ರಶೀದಾಬೇಗಂ ಬೀರುವಿನಿಂದ ರಬ್ಬರಿನದೊಂದು ಉಂಗುರ ತೆಗೆದು ತೋರಿಸಿದಳು. "ಇದನ್ನ ಒಳಗ ಇಟ್ರ ಜಾರೂದು ನಿಲ್ತದ. ಹೊಲಕ್ಕ ಹೋಗಬಹುದು, ಕುಂದ್ರಬಹುದು. ಆದ್ರ ಡಾಕ್ಟರೇ ಮ್ಯಾಲಿಂದ ಮ್ಯಾಲೆ ತಗದು ತೊಳದು ಇಡಬೇಕು. ಇಲ್ಲಾಂದ್ರ ಒಳಗ ಹುಣ್ಣಾಗ್ತದ."

"ಮುಂದ ಬರೋ ಡಾಕ್ಟರು?"

"ಗಂಡಸರು."

ಶರಣಬಸಮ್ಮ ಸೀರೆ ಸರಿಮಾಡಿಕೊಂಡು ಎದ್ದಳು. "ಹಂಗಾರ ಬ್ಯಾಡ್ರಿ. ನಿಮ್ಮ ಮುಂದ ಹೇಳ್ಕೊಂಡೆ, ಹಗುರಾತು." ಉಡಿಯಿಂದ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಅಂಚಿಗೆ ಇಟ್ಟಳು. "ಕಟಿಕ ರೊಟ್ಟಿ, ಶೇಂಗಾ ಹಿಂಡಿ ಅದರಿ. ತಾಂಡೂರ ಟೇಸನ್ ತನಾ ದಾರಿ ಭಾಳ ದೂರ. ಹಸ್ಕೊಂಡು ಹೋಗಬ್ಯಾಡ್ರಿ."

ಹೈದರಾಬಾದಿನಲ್ಲಿ ಅಣ್ಣನ ಮನೆಯವರು ಅವಳಿಗಾಗಿ ಕೋಣೆಗೆ ಸುಣ್ಣ ಬಳಿಸಿದ್ದರು. ದೊಡ್ಡ ಆಸ್ಪತ್ರೆ, ಕಲಿಸುವ ಹಿರಿಯರು, ಸಂಜೆ ಮಾತಿಗೆ ಗೆಳತಿಯರು. ತಾಲೂಕಿಗೆ ಬಾ ಎಂದರೆ ಬರುವ ಹೆಣ್ಣು ಡಾಕ್ಟರೇ ಇಲ್ಲ. ತಾನು ಹೋಗುವುದಿಲ್ಲ ಎಂದರೆ ನಿಜಾಮ ಸರ್ಕಾರ ಕಾರಣವನ್ನೂ ಕೇಳದೆ ಒಪ್ಪುತ್ತದೆಂದು ಅವಳಿಗೆ ಗೊತ್ತಿತ್ತು. ಒಂದು ಸಲ ಒಪ್ಪಿದ ಮೇಲೆ ಮತ್ತೆ ಯಾವಾಗ ಹೈದರಾಬಾದಿಗೆ ಕರೆಯುತ್ತದೆಂಬುದು ಮಾತ್ರ ಗೊತ್ತಿರಲಿಲ್ಲ. ಅವಳು ಬಾಗಿಲ ಕಡೆ ಹೊರಟಿದ್ದ ಶರಣಬಸಮ್ಮನ ನಡಿಗೆಯನ್ನು ನೋಡಿದಳು. ತಲೆನೋವಿನವಳೆಂದು ಇಷ್ಟು ದಿನ ಆ ನಡಿಗೆಯನ್ನು ನೋಡಿಯೇ ಇರಲಿಲ್ಲ.

"ತಿರುಗಿ ಬಾ. ಮಲಕೋ. ಇದನ್ನ ಇಡ್ತೀನಿ."

"ತಗಿಯೋರು ಯಾರ್ರಿ?"

"ನಾನೇ. ನಾ ಹೋಗಂಗಿಲ್ಲ."

ಆ ಮುಖ ಅರಳುತ್ತದೆಂದು ರಶೀದಾಬೇಗಂ ಕಾದಳು. ಶರಣಬಸಮ್ಮ ಕಣ್ಣು ಮಿಟುಕಿಸದೆ ನಿಂತಳು.

"ಹೋಗಂಗಿಲ್ಲ? ಗಾಡಿ ಹೇಳ್ಯಾರಂತ ಮಂದಿ ಅಂದ್ರಲ್ಲರಿ?"

"ಬ್ಯಾಡಂತ ಹೇಳಿ ಕಳಿಸ್ತೀನಿ."

ಇಷ್ಟು ಹೊತ್ತು ಏನನ್ನೂ ಮುಚ್ಚಿಡದೆ ತೋರಿಸಿದ್ದ ಶರಣಬಸಮ್ಮ, ಮಾವನ ಎದುರು ಬಂದ ಹೊಸ ಸೊಸೆಯ ಹಾಗೆ, ಸೆರಗನ್ನು ಗದ್ದದವರೆಗೆ ಎಳೆದುಕೊಂಡಳು. ಆಮೇಲೆ, ಮುಖ ಮುಚ್ಚಿಕೊಂಡೇ, ಕೈಯಿಂದ ತಡವಿ ಬೆಂಚನ್ನು ಹುಡುಕಿ ಮಲಗಿದಳು.