ಹೆಬ್ಬೆರಳ ಗುಳಿ

ಕಾಣೆಯಾಗುವ ಹಿಂದಿನ ದಿನ ಅವನ ಮಗಳು ನಾನ್‌ಖಟಾಯ್ ಬಿಸ್ಕತ್ತಿಗೆ ಹಿಟ್ಟು ನಾದಿ, ಉಂಡೆ ಕಟ್ಟಿ, ಒಂದೊಂದರ ಮೇಲೂ ಹೆಬ್ಬೆರಳು ಒತ್ತಿ, ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಟ್ಟಿದ್ದಳು.

"ಭಾನುವಾರ ಬೇಯಿಸ್ತೀನಿ. ಅಲ್ಲೀವರೆಗೂ ಯಾರೂ ಮುಟ್ಟಬೇಡಿ."

ಭಾನುವಾರಗಳು ಎಷ್ಟೋ ಕಳೆದವು. ಹೆಂಡತಿ ಆ ಡಬ್ಬಿಯ ಹತ್ತಿರ ಅವನನ್ನೂ ಸುಳಿಯಗೊಡಲಿಲ್ಲ. "ಅವಳೇ ಬಂದು ಬೇಯಿಸ್ತಾಳೆ" ಎನ್ನುವುದೊಂದೇ ಮಾತು.

ಇವತ್ತು ಇನ್ಸ್‌ಪೆಕ್ಟರ್ ಮನೆಗೇ ಬಂದು, ಟೋಪಿ ತೆಗೆದು ಕೂತರು.

"ನಾಲೆಯಲ್ಲಿ ಒಂದು ಹುಡುಗಿ ಹೆಣ ಸಿಕ್ಕಿದೆ. ಮುಖ ಗುರುತು ಹಿಡಿಯೋ ಹಾಗಿಲ್ಲ. ನಿಮ್ಮ ಮಗಳ ಬೆರಳಚ್ಚು ಇರೋದು ಏನಾದ್ರೂ ಇದ್ರೆ ಕೊಡಿ, ಹೋಲಿಸಿ ನೋಡಿಬಿಡೋಣ."

"ಎಲ್ಲಿಂದ ತರ್ಲಿ ಸರ್? ನಮ್ಮನೆಯವಳು ಅವಳ ಸಾಮಾನೆಲ್ಲ ದಿನಾ ಒರೆಸಿ ಒರೆಸಿ ಇಡ್ತಾಳೆ" ಎಂದವನಿಗೆ ತಟ್ಟನೆ ನೆನಪಾಯಿತು. "ಇದೆ ಸರ್! ಹಿಟ್ಟಿನುಂಡೆ ಮೇಲೆ ಅವಳ ಹೆಬ್ಬೆರಳು ಹಾಗೇ ಅಚ್ಚೊತ್ತಿದೆ. ಲೇ, ಫ್ರೀಜರ್‌ನಲ್ಲಿರೋ ಡಬ್ಬಿ ತಗೊಂಡು ಬಾರೇ!"

"ತರ್ತೀನಿ ಇರಿ. ಸಾಹೇಬರಿಗೆ ಮೊದಲು ಕಾಫಿ ಆಗ್ಲಿ" ಎಂದು ಅಡುಗೆಮನೆಯಿಂದ ದನಿ ಬಂತು.

ಕಾಫಿ ಬಂತು. ಇನ್ಸ್‌ಪೆಕ್ಟರ್ ಕುಡಿದು ಮುಗಿಸಿ, ಎರಡು ಸಲ ಗಡಿಯಾರ ನೋಡಿದರೂ ಡಬ್ಬಿ ಬರಲಿಲ್ಲ. ಬಂದದ್ದು ತುಪ್ಪ, ಏಲಕ್ಕಿಯ ಘಮ.

ಅವನು ಗಾಬರಿಯಿಂದ ಏಳುವಷ್ಟರಲ್ಲಿ ಅವಳು ತಟ್ಟೆ ಹಿಡಿದು ಹೊರಗೆ ಬಂದಳು. ನಾನ್‌ಖಟಾಯ್‌ಗಳು ಚೆನ್ನಾಗಿ ಉಬ್ಬಿ ಬಿರಿದಿದ್ದವು. ಒಂದರ ಮೇಲೂ ಬೆರಳಿನ ಗುರುತಿರಲಿಲ್ಲ.

"ತಗೊಳ್ಳಿ ಸರ್, ಬಿಸಿಯಾಗಿದೆ" ಎಂದಳು. "ನಮ್ಮ ಮಗಳು ಬಂದ ಮೇಲೆ ಬೇರೆ ಮಾಡ್ಕೊಳ್ತಾಳೆ."