ಸಣ್ಣ ಚುರುಟಿನ ರುಚಿ

ಸೊಸೆ ಮತ್ತೆ ಏಪ್ರನ್ ಜೇಬಿಗೆ ಚುರುಟು ಇಳಿಸಿದಳು. ಕಿಟಕಿಯ ಗಾಜಿನಾಚೆ ನಿಂತ ಎಡಚಜ್ಜ ಕಣ್ಣಾರೆ ಕಂಡ. ಒಂದು, ಎರಡು, ಐದು.

ಟೀ ಬಿಡುವಿನಲ್ಲಿ ಚುರುಟು ಸುತ್ತುವ ಹಾಲ್ ಖಾಲಿಯಾಗುತ್ತದೆ. ಎಲ್ಲರೂ ಅಂಗಳಕ್ಕೆ ಬರುತ್ತಾರೆ. ಇವಳೊಬ್ಬಳು ಏಳುವುದಿಲ್ಲ. ಅಜ್ಜನ ಪಕ್ಕದ ಮೇಜಿನಲ್ಲಿ ತಲೆ ತಗ್ಗಿಸಿ ಸುತ್ತುತ್ತಲೇ ಇರುತ್ತಾಳೆ. ಕೈ ನಿಧಾನ, ಪಾಪ, ಎಂದುಕೊಂಡಿದ್ದ ಅಜ್ಜ. ಜೇಬಿನ ವಿಷಯ ಕಣ್ಣಿಗೆ ಬಿದ್ದದ್ದು ಈ ವಾರ.

ಪಕ್ಕದಲ್ಲಿ ಗೇಟಿನವನು ಸಣ್ಣ ಚುರುಟೊಂದನ್ನು ಹಚ್ಚಿದ. "ಅಲ್ಲ ಅಜ್ಜ, ನೀವು ಸುತ್ತೋ ಒಂದರ ಬೆಲೆಗೆ ಇದು ಒಂದು ಪೆಟ್ಟಿಗೇನೇ ಬರುತ್ತಲ್ಲ. ಯಾಕೆ?"

"ಅದರೊಳಗೆ ಇರೋದೇನು? ನಮ್ಮ ಮೇಜಿಂದ ಉದುರಿದ ಚೂರು, ಸುತ್ತೋವಾಗ ಕೆಟ್ಟುಹೋದ ಚುರುಟು. ಎಲ್ಲಾ ಚೂರುಪೆಟ್ಟಿಗೆಗೆ ಹಾಕಿ, ಕೊಚ್ಚಿ, ಮೆಷಿನ್‌ಗೆ ಕೊಡ್ತಾರೆ. ಕಣ್ಮುಚ್ಚಿ ಬಿಡೋದ್ರೊಳಗೆ ರಾಶಿ ಬೀಳುತ್ತೆ. ನಮ್ಮದು ಹಾಗಲ್ಲಪ್ಪ. ಎರಡು ವರ್ಷ ಮಾಗಿಸಿದ ಇಡೀ ಎಲೆ. ಮೊದಲಿಂದ ಕೊನೇವರೆಗೂ ಒಂದೇ ಕೈ."

"ಏನೇ ಅನ್ನಿ, ಈಚೆಗೆ ಇದಕ್ಕೂ ಒಂದು ರುಚಿ ಬಂದಿದೆ."

"ಹೌದು ಕಣಯ್ಯ, ನನಗೂ ಹಾಗೇ ಅನ್ನಿಸ್ತು," ಎಂದ ಅಜ್ಜ. ಅವನು ಸೇದುತ್ತಿದ್ದುದೂ ಅದನ್ನೇ. ತಾನು ಸುತ್ತಿದ್ದನ್ನು ಕೊಂಡು ಸೇದುವ ಯೋಗ ಅವನಿಗೆ ಎಂದೂ ಬಂದಿರಲಿಲ್ಲ.

ಮೂವತ್ತೆಂಟು ವರ್ಷದ ಹೆಸರು ಅವನದು. ಇಡೀ ಹಾಲ್‌ನಲ್ಲಿ ಎಡಗೈಯವನು ಅವನೊಬ್ಬನೇ. ಸೊಸೆಯದೂ ಸೇರಿ ಎಲ್ಲರ ಚುರುಟಿನ ಹೊರ ಎಲೆ ಬಲಕ್ಕೆ ಸುತ್ತಿದರೆ ಅವನದು ಎಡಕ್ಕೆ. ಅದಕ್ಕೇ ಈ ಅಡ್ಡಹೆಸರು. ಈಚೆಗೆ ಬೆರಳು ಆಗಾಗ ಜೋಮು ಹಿಡಿಯುತ್ತಿತ್ತು, ಅಷ್ಟೇ. ಸಂಜೆ ತೂಕ ನೋಡುವವರು ಅವನ ತಟ್ಟೆಯಿಂದ ಒಂದನ್ನೂ ವಾಪಸು ಕಳಿಸಿರಲಿಲ್ಲ. ಮಗ ತೀರಿಕೊಂಡ ಮೇಲೆ, ಮೇಸ್ತ್ರಿಯ ಕೈಕಾಲು ಹಿಡಿದು ಸೊಸೆಯನ್ನು ಇಲ್ಲಿ ಸೇರಿಸಿದವನೂ ಅವನೇ. ಈಗ ಮನೆಯೊಳಗೇ ಕಳ್ಳಿ! ನಾಚಿಕೆಯಿಂದ ಅವನ ಮೈಯೆಲ್ಲ ಹಿಡಿಯಾಯಿತು. ನಾಳೆ ಇನ್ಯಾರೋ ಹಿಡಿದುಕೊಟ್ಟರೆ ತಲೆಯೆತ್ತಿ ಓಡಾಡುವ ಹಾಗಿಲ್ಲ. ಅದಕ್ಕಿಂತ ತಾನೇ ಹೇಳಿಬಿಡುವುದು ವಾಸಿ.

ಹೇಳಿಬಿಟ್ಟ.

ಬಿಡುವು ಮುಗಿಯುವ ಹೊತ್ತಿಗೆ ಮೇಸ್ತ್ರಿ ಸೊಸೆಯ ಮೇಜಿನೆದುರು ನಿಂತಿದ್ದ. "ಜೇಬಲ್ಲಿರೋದು ತೆಗೀಮ್ಮ."

ಸೊಸೆ ಮಾವನ ಮುಖ ನೋಡಿದಳು. ಮಾವ ನೆಲ ನೋಡಿದ. ಐದು ಚುರುಟು ಮೇಜಿನ ಮೇಲೆ ಬಂದವು.

ಮೇಸ್ತ್ರಿ ಒಂದನ್ನು ಬಾಯಿಗಿಟ್ಟು ಎಳೆದ. ಗಾಳಿಯೇ ಬರಲಿಲ್ಲ. ಇನ್ನೊಂದನ್ನು ಹಿಸುಕಿದ. ನಡುವೆ ಟೊಳ್ಳು. "ಇಂಥದ್ದನ್ನ ಕದ್ದು ಯಾರಿಗೆ ಮಾರ್ತೀಯ?"

"ಕದ್ದಿಲ್ಲ ಸರ್. ಕೆಟ್ಟುಹೋದವು. ಯಾರಿಗೂ ಕಾಣದ ಹಾಗೆ ಚೂರುಪೆಟ್ಟಿಗೆಗೆ ಹಾಕೋಣ ಅಂತ."

"ದಿನಾ ಹೀಗೇನಾ?"

"ಆರು ತಿಂಗಳಾಯ್ತು ಸರ್."

"ಹಾಗಾದ್ರೆ ಇಲ್ಲಿ ಕೂತು ಎಲೆ ಹಾಳು ಮಾಡ್ಬೇಡ. ನಾಳೆಯಿಂದ ಸಣ್ಣ ಚುರುಟಿನ ಮೆಷಿನ್‌ಗೆ ಹೋಗು."

ಅಲ್ಲಿ ಕೂಲಿ ಅರ್ಧ. ಸೊಸೆ ತಲೆಯಾಡಿಸಿದಳು.

ಕಳ್ಳಿಯಲ್ಲವಲ್ಲ ಎಂದು ಅಜ್ಜನಿಗೆ ಹೋದ ಜೀವ ಬಂದಂತಾಯಿತು. ಬೆನ್ನಿಗೇ ಇನ್ನೊಂದು ನಾಚಿಕೆ ಬಂತು. ತಾನೇ ಕೂರಿಸಿಕೊಂಡು ಕಲಿಸಿದ ಕೈ ಇದು! ಸುತ್ತ ನಿಂತವರು ಮುಸಿಮುಸಿ ನಗುತ್ತಿದ್ದರು. ಅವನಿಗೆ ತಡೆಯಲಾಗಲಿಲ್ಲ.

"ಇಷ್ಟು ದಿನ ಏನೇ ಕಲಿತೆ ನೀನು? ನನ್ನ ಮಾನ ಹರಾಜು ಹಾಕಿಬಿಟ್ಟೆಯಲ್ಲೇ!"

"ತಪ್ಪಾಯ್ತು ಮಾವ," ಎಂದಳು ಅವಳು. ಅಳಲಿಲ್ಲ. ಐದು ಚುರುಟನ್ನೂ ಅವಸರದಲ್ಲಿ ಬಾಚಿಕೊಂಡು ಏಳಹೊರಟಳು.

"ಕೊಡೇ ಇಲ್ಲಿ. ನಾನೇ ಹಾಕಿ ಬರ್ತೀನಿ."

"ಬೇಡ ಮಾವ. ನಾನು ಹಾಕ್ತೀನಿ, ಬಿಡಿ."

ಅವನು ಬಿಡಲಿಲ್ಲ. ಕಿತ್ತುಕೊಂಡು ಹಾಲ್‌ನ ಕೊನೆಗೆ ನಡೆದ. ಚೂರುಪೆಟ್ಟಿಗೆ ಕಿಟಕಿಯ ಪಕ್ಕದಲ್ಲಿತ್ತು, ಅಲ್ಲಿ ಬೆಳಕು ಚೆನ್ನಾಗಿತ್ತು. ಎಸೆಯುವ ಮುಂಚೆ, ಇಷ್ಟು ವರ್ಷದ ಅಭ್ಯಾಸಬಲದಿಂದ, ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ ನೋಡಿದ.

ಐದಕ್ಕೂ ಹೊರ ಎಲೆ ಎಡಕ್ಕೆ ಸುತ್ತಿತ್ತು.